ಓಡಲಿ ಆ 69 ಕಾರುಗಳು

ಕಾರಿಗಿಂತ ಅದರ ಎಂಜಿನ್ನಿಗೇ ಹೆಚ್ಚು ದುಡ್ಡು. 1969ರಲ್ಲಿ ಅಮೆರಿಕದ ಶೆವ್ರೊಲೆ ಕಂಪನಿಯ ಕಮಾರೊ ಕಾರು ವಿ8 ಎಂಜಿನ್ ಸಮೇತ ಸುಮಾರು 2,700 ಡಾಲರಿಗೆ ಸಿಗುತ್ತಿತ್ತು. ಅದೇ ಕಾರಿಗೆ ಝಡ್‌ಎಲ್1 ಎಂಬ ಎಂಜಿನ್ ಬೇಕೆಂದರೆ ಆ ಎಂಜಿನ್ನಿಗೇ 4,160 ಡಾಲರ್ ಬೇರೆ ತೆರಬೇಕು. ಎಲ್ಲ ಸೇರಿ ಬಿಲ್ಲು 7,200 ಡಾಲರ್ ದಾಟುತ್ತಿತ್ತು. ಅದೇ ಕಂಪನಿಯ ಹೆಮ್ಮೆಯ ಸ್ಪೋರ್ಟ್ಸ್ ಕಾರು ಕಾರ್ವೆಟ್‌ನ ಆರಂಭಿಕ ಬೆಲೆಯೂ 5,000 ಡಾಲರಿನೊಳಗೇ ಇದ್ದ ಕಾಲ ಅದು. ಇಷ್ಟು ದುಡ್ಡು ಸುರಿದರೆ ಬರುತ್ತಿದ್ದದ್ದು ನೋಡಲು ಸಾದಾ ಕಮಾರೊ. ಮೈಮೇಲೆ ಪಟ್ಟೆಯಿಲ್ಲ, ಹೆಸರಿನ ಫಲಕವಿಲ್ಲ. ಬಾನೆಟ್ ಎತ್ತಿದರೆ ಮಾತ್ರ ಅಡಿಯಿಂದ ಮುಡಿಯವರೆಗೆ ಅಲ್ಯೂಮಿನಿಯಮ್ಮಿನಲ್ಲೇ ಎರಕ ಹೊಯ್ದ, 427 ಘನ ಇಂಚಿನ, ಅಂದರೆ 7 ಲೀಟರಿನ ಎಂಜಿನ್ ಕಾಣುತ್ತಿತ್ತು. ಕೆನಡ-ಅಮೆರಿಕದ ಕ್ಯಾನ್-ಆ್ಯಮ್ ರೇಸಿನಲ್ಲಿ ಮೆಕ್‌ಲಾರೆನ್ ಕಾರುಗಳನ್ನು ಗೆಲ್ಲಿಸುತ್ತಿದ್ದ ಎಂಜಿನ್ನಿನ ಒಡಹುಟ್ಟು ಅದು. ಅಂಥ ಕಮಾರೊಗಳು ತಯಾರಾದದ್ದು 69 ಮಾತ್ರ.

69 ಎಂಬ ಸಂಖ್ಯೆ ಬಂದದ್ದು ಹೇಗೆ ಎಂಬುದನ್ನು ತಿಳಿದರೆ ಈ ಕಾರುಗಳು ಯಾಕೆ ಹುಟ್ಟಿದವು ಎಂಬುದೂ ತಿಳಿಯುತ್ತದೆ. ಇಲಿನಾಯ್ ರಾಜ್ಯದ ಲಾ ಹಾರ್ಪ್ ಎಂಬ ಪುಟ್ಟ ಊರಿನಲ್ಲಿ ಫ್ರೆಡ್ ಗಿಬ್ ಎಂಬ ಶೆವ್ರೊಲೆ ಡೀಲರ್ ಇದ್ದ. ಸುತ್ತ ಹೊಲಗದ್ದೆ, ನಡುವೆ ಅವನ ಕಾರಿನಂಗಡಿ. ಡ್ರ್ಯಾಗ್ ರೇಸ್ ಅಂದರೆ ಅವನಿಗೆ ಪ್ರಾಣ. ಅಮೆರಿಕದ ಡ್ರ್ಯಾಗ್ ರೇಸುಗಳನ್ನು ನಡೆಸುವ ಎನ್‌ಎಚ್‌ಆರ್‌ಎ ಸಂಸ್ಥೆಯನ್ನು ವಾಲಿ ಪಾರ್ಕ್ಸ್ 1951ರಲ್ಲಿ ಕಟ್ಟಿದ. ಆ ಸಂಸ್ಥೆಯದ್ದೊಂದು ನಿಯಮ: ಕಾರ್ಖಾನೆಯ ಕಾರು ಎಂದು ಹೇಳಿಕೊಂಡು ಕಣಕ್ಕಿಳಿಸುವ ಮಾದರಿ ಕಡೇಪಕ್ಷ 50ರ ಸಂಖ್ಯೆಯಲ್ಲಿ ತಯಾರಾಗಿ ಮಾರಾಟಕ್ಕೆ ಬಂದಿರಬೇಕು. ರೇಸಿಗೆಂದೇ ಒಂದೆರಡು ಕಾರು ಗುಟ್ಟಾಗಿ ಕಟ್ಟಿ ತಂದು ಗೆಲ್ಲುವುದಕ್ಕೆ ಹಾಕಿದ ಕಡಿವಾಣ ಅದು. ಗಿಬ್ ಹಿಂದೆಮುಂದೆ ನೋಡದೆ 50 ಕಾರುಗಳಿಗೆ ಒಬ್ಬನೇ ಆರ್ಡರ್ ಕೊಟ್ಟುಬಿಟ್ಟ. ಮಿಕ್ಕ 19 ಬೇರೆ ಡೀಲರುಗಳ ಪಾಲು.

ಕಾರ್ಖಾನೆ ಒಪ್ಪಿದ್ದಾದರೂ ಹೇಗೆ? ಕಾರ್ವೆಟ್ ಬಿಟ್ಟರೆ ಚಿಕ್ಕ ಮತ್ತು ಮಧ್ಯಮ ಗಾತ್ರದ ಯಾವ ಕಾರಿಗೂ 400 ಘನ ಇಂಚಿಗಿಂತ ದೊಡ್ಡ ಎಂಜಿನ್ ಕೂರಿಸಬಾರದು ಎಂದು ಜನರಲ್ ಮೋಟಾರ್ಸ್ ತನಗೆ ತಾನೇ ಕಟ್ಟಳೆ ಹಾಕಿಕೊಂಡಿತ್ತು. ಆದರೆ ಟ್ಯಾಕ್ಸಿ ಕಂಪನಿಗಳು, ಪೊಲೀಸ್ ಇಲಾಖೆಗಳು ತಮಗೆ ಬೇಕಾದ ವಿಶೇಷ ಬಣ್ಣ, ಗಟ್ಟಿ ಸೀಟು, ಬೇರೆ ಬ್ರೇಕು ಕೇಳಿ ಸಗಟಾಗಿ ತರಿಸಿಕೊಳ್ಳಲು ಕೋಪೊ ಎಂಬ ಆರ್ಡರ್ ಪದ್ಧತಿಯೊಂದಿತ್ತು. ಸಾಮಾನ್ಯ ಗಿರಾಕಿಗೆ ಕೊಡುವ ಕರಪತ್ರದಲ್ಲಿ ಅದರ ಸುಳಿವೂ ಇರುತ್ತಿರಲಿಲ್ಲ. ಶೆವ್ರೊಲೆಯೊಳಗೆ ರೇಸಿನ ಕೆಲಸ ನೋಡಿಕೊಳ್ಳುತ್ತಿದ್ದ ವಿನ್ಸ್ ಪಿಗಿನ್ಸ್ ಟ್ಯಾಕ್ಸಿಗಳ ಆ ಹಿತ್ತಿಲ ಬಾಗಿಲಿನಿಂದಲೇ ರೇಸ್ ಕಾರುಗಳನ್ನು ಹೊರಗೆ ಕಳಿಸಿದ. ಕೋಪೊ 9560 ಎಂಬ ಸಂಖ್ಯೆ ಹೊತ್ತು ಬಂದದ್ದು ಈ ಅಲ್ಯೂಮಿನಿಯಂ ಎಂಜಿನ್ನಿನ ಕಮಾರೊ. ನಿಯಮ ಕಟ್ಟಿದವರ ಕಣ್ಣೆದುರೇ, ಅವರದೇ ಕಾಗದಪತ್ರದಲ್ಲಿ, ಇಂಥದೊಂದು ಕಾರು ಹೊರಬಂತು ಎನ್ನುವುದು ನನಗೆ ಈಗಲೂ ರೋಮಾಂಚನದ ಸಂಗತಿ.

ಮೊದಲ ಕಾರುಗಳು 1968ರ ಡಿಸೆಂಬರ್ ಕೊನೆಯಲ್ಲಿ ಲಾ ಹಾರ್ಪ್‌ಗೆ ಬಂದವು. ಜೊತೆಗೇ ಬಿಲ್ಲೂ ಬಂತು. ಗಿಬ್ ಎಣಿಸಿಕೊಂಡಿದ್ದ ಬೆಲೆಗೂ ಬಂದ ಬೆಲೆಗೂ ತಾಳಮೇಳವಿರಲಿಲ್ಲ. ಆ ಬೆಲೆಗೆ 50 ಕಾರು ಕೊಳ್ಳುವವರು ಆ ಸೀಮೆಯಲ್ಲಿ ಎಲ್ಲಿದ್ದರು? 13 ಕಾರು ಮಾರಿ, ಉಳಿದ 37ನ್ನು ವಾಪಸ್ ತೆಗೆದುಕೊಳ್ಳುವಂತೆ ಕಂಪನಿಯನ್ನು ಒಪ್ಪಿಸಬೇಕಾಯಿತು. ಅವು ದೇಶದ ಬೇರೆ ಬೇರೆ ಡೀಲರುಗಳ ಬಳಿ ಹಂಚಿಹೋದವು. ಗಿರಾಕಿ ಸಿಗದೆ ತಿಂಗಳುಗಟ್ಟಲೆ ನಿಂತವುಗಳಲ್ಲಿ ಕೆಲವದರ ಎಂಜಿನ್ ಬಿಚ್ಚಿ, ಸಾದಾ ಎಂಜಿನ್ ಕೂರಿಸಿ ಮಾರಿದ್ದೂ ಉಂಟು. ಯಾರಿಗೂ ಬೇಡವಾಗಿದ್ದ ಆ ಕಾರುಗಳಿಗೆ ಇಂದು ಹರಾಜಿನಲ್ಲಿ ಕೋಟಿಗಟ್ಟಲೆ ಬೆಲೆ. ಹಾಗಾಗಿ ಹೆಚ್ಚಿನವು ಹವಾನಿಯಂತ್ರಿತ ಕೋಣೆಗಳಲ್ಲಿ, ವೆಲ್ವೆಟ್ಟಿನ ಹಗ್ಗದಾಚೆ ನಿಂತಿವೆ.

ನನ್ನ ತಕರಾರು ಇಲ್ಲೇ ಇರುವುದು. ಈ ಕಾರು ಅಪರೂಪವಾದದ್ದು ಯಾರೋ ಶ್ರೀಮಂತರಿಗಾಗಿ ಕೈಯಿಂದ ಕೆತ್ತಿದ್ದರಿಂದಲ್ಲ. ಕಾಲು ಮೈಲಿಯ ಓಟಕ್ಕೆ ಪ್ರವೇಶ ಪಡೆಯಲು ಎಷ್ಟು ಬೇಕೋ ಅಷ್ಟೇ ಕಟ್ಟಿದ್ದರಿಂದ. ಇದೊಂದೇ ಕಾರಿನ ಕಥೆಯೂ ಅಲ್ಲ ಇದು. 1969ರಲ್ಲಿ ಎಎಂಸಿ ಕಂಪನಿ ಡ್ರ್ಯಾಗ್ ರೇಸಿಗೆಂದು ಮಾಡಿಸಿದ ಎಸ್‌ಎಸ್/ಎಎಂಎಕ್ಸ್ 52. 1967ರಲ್ಲಿ ಡಾಡ್ಜ್ ಕಟ್ಟಿದ ಡಬ್ಲ್ಯುಒ23 ಕೊರೊನೆಟ್ 55, ಅದರ ಜೋಡಿ ಪ್ಲಿಮತ್ ಆರ್‌ಒ23 ಬೆಲ್ವೆಡೆರ್ ಕೂಡ 55. ಐವತ್ತರ ಗೆರೆ ದಾಟಿದ ಮೇಲೆ ಕಾರ್ಖಾನೆಗಳು ಕೈತೊಳೆದುಕೊಂಡವು. ಓಡುವುದಕ್ಕಾಗಿ ಅಪರೂಪವಾದ ಕಾರು ಈಗ ಅಪರೂಪ ಎಂಬ ಕಾರಣಕ್ಕೇ ಓಡುತ್ತಿಲ್ಲ. ಇದು ಸರಿಯಾಗಬೇಕು ಎಂಬುದೇ ಈ ಬರಹದ ಆಸೆ.

ಓಡಿಸಿದರೆ ಏನು ಸಿಗುತ್ತದೆ ಎಂದು ಕೇಳಬಹುದು. ಡ್ರ್ಯಾಗ್ ರೇಸ್ ನೋಡಲು ಬಲು ಸರಳ. 1,320 ಅಡಿಯ, ಅಂದರೆ 402 ಮೀಟರಿನ ನೇರ ಪಟ್ಟಿ. ನಮ್ಮ ಕರಾವಳಿಯ ಜೋಡುಕರೆ ಕಂಬಳದ ಹಾಗೆ ಪಕ್ಕಪಕ್ಕದ ಎರಡು ಹಾದಿ, ಒಮ್ಮೆಗೆ ಇಬ್ಬರು, ಗೆದ್ದವರು ಮುಂದಿನ ಸುತ್ತಿಗೆ. ಗೆರೆಯ ಬಳಿ ನೆಲದಿಂದ ಕೆಲವೇ ಇಂಚು ಮೇಲೆ ಬೆಳಕಿನ ಕಿರಣವೊಂದು ಅಡ್ಡ ಹಾಯುತ್ತದೆ. ಮುಂದಿನ ಟೈರು ಆ ಕಿರಣವನ್ನು ಮರೆಮಾಡಿದಾಗ ಕಂಬದ ಮೇಲಿನ ದೀಪ ಹೊತ್ತಿ ಕಾರು ಸಿದ್ಧ ಎಂದು ಸಾರುತ್ತದೆ. ಆಮೇಲೆ ಹಳದಿ ದೀಪ, ಹಸಿರು ದೀಪ. 1963ರಲ್ಲಿ ಈ ದೀಪದ ಕಂಬ ಬರುವವರೆಗೆ ಒಬ್ಬ ಮನುಷ್ಯ ಬಾವುಟ ಬೀಸಿ ಓಟ ಬಿಡುತ್ತಿದ್ದ. ಗಡಿಯಾರ ಶುರುವಾಗುವುದು ಹಸಿರು ದೀಪಕ್ಕಲ್ಲ, ಟೈರು ಉರುಳಿ ಕಿರಣ ಬಿಟ್ಟ ಕ್ಷಣಕ್ಕೆ. ಆದ್ದರಿಂದ ಹಸಿರು ಬಿದ್ದ ಮೇಲೆ ತಡವಾಗಿ ಎಚ್ಚೆತ್ತವನು ವೇಗದ ಕಾರು ಇದ್ದೂ ಸೋಲುತ್ತಾನೆ. ಅವನ ಚೀಟಿಯಲ್ಲಿ ಮಾತ್ರ ಎದುರಾಳಿಗಿಂತ ಕಡಿಮೆ ಸಮಯ ನಮೂದಾಗಿರುತ್ತದೆ.

ಆ ಚೀಟಿಯಲ್ಲಿ ಎರಡು ಅಂಕಿಗಳನ್ನು ನಾನು ಮೊದಲು ನೋಡುತ್ತೇನೆ. ಒಂದು, ಕಾಲು ಮೈಲಿ ಮುಗಿಸಲು ತೆಗೆದುಕೊಂಡ ಸೆಕೆಂಡು. ಇನ್ನೊಂದು, ಕೊನೆಯ ಕೆಲವು ಅಡಿಗಳಲ್ಲಿ ಕಾರು ಮುಟ್ಟಿದ ವೇಗ. ಸೆಕೆಂಡು ಟೈರಿನ ಹಿಡಿತಕ್ಕೂ ಚಾಲಕನ ಕಾಲಿನ ಹದಕ್ಕೂ ತಕ್ಕಂತೆ ಏರಿಳಿಯುತ್ತದೆ. ಕೊನೆಯ ವೇಗ ಹೆಚ್ಚುಕಡಿಮೆ ಎಂಜಿನ್ನಿನ ಬಲವನ್ನೇ ಹೇಳುತ್ತದೆ. ಶುರುವಿನಲ್ಲಿ ಚಕ್ರ ಜಾರಿ ಅರ್ಧ ಸೆಕೆಂಡು ಕಳೆದುಕೊಂಡರೂ ತುದಿಯ ವೇಗ ಬಹಳ ಬದಲಾಗುವುದಿಲ್ಲ.

ಈ ಎರಡನೆಯ ಅಂಕಿಗೆ ಇಷ್ಟು ಮಹತ್ವ ಕೊಡಲು ಕಾರಣವಿದೆ. ಆ ಕಾಲದ ಕಾರ್ಖಾನೆಗಳು ಕಾಗದದ ಮೇಲೆ ಬರೆದ ಅಶ್ವಶಕ್ತಿಯನ್ನು ನಂಬುವಂತಿಲ್ಲ. ಹೆಚ್ಚು ಬಲ ತೋರಿಸಿದರೆ ವಿಮಾ ಕಂಪನಿಗಳು ಕಂತು ಏರಿಸುತ್ತಿದ್ದವು. ರೇಸಿನಲ್ಲಿ ತೂಕಕ್ಕೂ ಬಲಕ್ಕೂ ಇರುವ ಪ್ರಮಾಣ ನೋಡಿ ವರ್ಗ ನಿಗದಿ ಮಾಡುತ್ತಿದ್ದರಾದ್ದರಿಂದ ಬಲ ಕಡಿಮೆ ಬರೆದಷ್ಟೂ ಸುಲಭದ ವರ್ಗ. ಝಡ್‌ಎಲ್1 ಎಂಜಿನ್ನಿಗೆ ಶೆವ್ರೊಲೆ ಬರೆದದ್ದು 430 ಅಶ್ವಶಕ್ತಿ. ಅಂದಿನ ಪತ್ರಿಕೆಯೊಂದರ ಪರೀಕ್ಷೆಯಲ್ಲಿ, ಹೊಗೆಕೊಳವೆ ಬದಲಿಸಿ ರೇಸಿನ ನುಣುಪು ಟೈರು ಹಾಕಿದ ಇಂಥ ಕಮಾರೊ 11.6 ಸೆಕೆಂಡಿನಲ್ಲಿ ಕಾಲು ಮೈಲಿ ಮುಗಿಸಿತು, ತುದಿಯಲ್ಲಿ ಗಂಟೆಗೆ 122 ಮೈಲಿ ವೇಗ. ರೇಸಿನವರು ಬಳಸುವ ಒಂದು ಲೆಕ್ಕವಿದೆ: ಮೈಲಿಯಲ್ಲಿರುವ ವೇಗವನ್ನು 234ರಿಂದ ಭಾಗಿಸಿ, ಬಂದದ್ದರ ಘನ ತೆಗೆದು, ಪೌಂಡಿನಲ್ಲಿರುವ ತೂಕದಿಂದ ಗುಣಿಸಬೇಕು. ಚಾಲಕನೂ ಸೇರಿ ಕಾರು 3,500 ಪೌಂಡು ಎಂದಿಟ್ಟುಕೊಳ್ಳಿ. ಉತ್ತರ 500ರ ಹತ್ತಿರ ಬರುತ್ತದೆ. ಕಾಗದಕ್ಕೂ ಪಟ್ಟಿಗೂ ನಡುವೆ 70 ಕುದುರೆಗಳ ವ್ಯತ್ಯಾಸ! ಕೊಳವೆ ಬದಲಿಸಿದ್ದಕ್ಕೆ ಸ್ವಲ್ಪ ಕಳೆದರೂ ಬರೆದ ಅಂಕಿ ನಿಲ್ಲುವುದಿಲ್ಲ.

ಆದರೆ ಅದೇ ಕಾರು ಅಂಗಡಿಯಿಂದ ಹೊರಬಿದ್ದ ಸ್ಥಿತಿಯಲ್ಲಿ 13 ಸೆಕೆಂಡಿನ ಆಸುಪಾಸು ತೆಗೆದುಕೊಳ್ಳುತ್ತಿತ್ತು. ಒಂದೂವರೆ ಸೆಕೆಂಡಿನ ಈ ಅಂತರ ಚಿಕ್ಕದೇನಲ್ಲ. ಗಂಟೆಗೆ 110 ಮೈಲಿ ವೇಗದಲ್ಲಿ ಅದು ಸುಮಾರು 15 ಕಾರುಗಳನ್ನು ಸಾಲಾಗಿ ನಿಲ್ಲಿಸುವಷ್ಟು ಜಾಗ. ಅದರಲ್ಲಿ ಬಹುಪಾಲನ್ನು ನುಂಗಿದ್ದು ಟೈರು. ಆಗಿನ ಗುಡ್‌ಇಯರ್ ಪಾಲಿಗ್ಲಾಸ್, ಫೈರ್‌ಸ್ಟೋನ್ ವೈಡ್ ಓವಲ್ ಟೈರುಗಳು ಇಂದಿನ ರೇಡಿಯಲ್ ಟೈರುಗಳಂತೆ ನೆಲಕ್ಕೆ ಅಂಟುವ ಜಾತಿಯವಲ್ಲ. ಓರೆ ಪದರದ, ಗಟ್ಟಿ ರಬ್ಬರಿನ, ಇಂದಿನ ಕಣ್ಣಿಗೆ ಕಿರಿದಾದ ಟೈರು. 500 ಅಶ್ವಶಕ್ತಿಯನ್ನು ಅದರ ಮೇಲೆ ಒಮ್ಮೆಗೇ ಸುರಿದರೆ ಕಾರು ನಿಂತಲ್ಲೇ ಹೊಗೆಯೆಬ್ಬಿಸುತ್ತದೆ, ಮುಂದೆ ಹೋಗುವುದಿಲ್ಲ.

ಹಾಗಾಗಿ ಆ ಟೈರಿನಲ್ಲಿ ಇಂಥ ಕಾರನ್ನು ಬಿಡುವುದೇ ಒಂದು ವಿದ್ಯೆ. ರೇಸಿನ ನುಣುಪು ಟೈರಿನವರು ಗೆರೆಗೆ ಬರುವ ಮೊದಲು ನೀರು ಚೆಲ್ಲಿದ ಜಾಗದಲ್ಲಿ ಚಕ್ರ ತಿರುಗಿಸಿ ರಬ್ಬರು ಬಿಸಿ ಮಾಡಿಕೊಳ್ಳುತ್ತಾರೆ. ಗೀರುಗಳಿರುವ ಹಳೆಯ ಟೈರಿನವನು ಆ ನೀರನ್ನು ತಪ್ಪಿಸಿ ಬದಿಯಿಂದ ಬರುತ್ತಾನೆ. ಗೀರಿನೊಳಗೆ ಸಿಕ್ಕಿದ ನೀರು ಗೆರೆಯವರೆಗೆ ಬಂದು ಅಲ್ಲಿ ಸೋರಿದರೆ ಕೆಟ್ಟಿತು. ಒಂದೆರಡು ಬಾರಿ ಒಣನೆಲದಲ್ಲೇ ಚಕ್ರ ತಿರುಗಿಸಿ ಟೈರಿಗೆ ಅಂಟಿದ ಹರಳು ಉದುರಿಸಿಕೊಳ್ಳುತ್ತಾನೆ. ಗೆರೆಯ ಮೇಲೆ ಎಂಜಿನ್ ಅರಚುವುದಿಲ್ಲ. ಮುಳ್ಳು ಐಡಲ್‌ಗಿಂತ ತುಸುವೇ ಮೇಲೆ. ಹಸಿರು ಬಿದ್ದಾಗ ಕ್ಲಚ್ಚನ್ನು ಬಿಡುವುದಲ್ಲ, ಜಾರಿಸುವುದು. ಮೊದಲ 60 ಅಡಿ ಆಕ್ಸಲರೇಟರ್ ಮೇಲೆ ಮೊಟ್ಟೆ ಇಟ್ಟಂತೆ ಪಾದ. ಆ 60 ಅಡಿ ಎರಡು ಸೆಕೆಂಡಿನಲ್ಲಿ ದಾಟಿದರೆ ಒಳ್ಳೆಯ ಓಟ. ಎರಡನೇ ಗೇರಿನಲ್ಲೂ ಚಕ್ರ ಜಾರುತ್ತದೆ, ಕಿವಿಗೊಟ್ಟು ಹಿಡಿದು ಸಡಿಲಿಸಬೇಕು. ಮೂರನೇ ಗೇರಿಗೆ ಬಂದ ಮೇಲಷ್ಟೇ ಪಾದ ಪೂರ್ತಿ ನೆಲಕ್ಕೆ. ಆಗ ಆ ಎಂಜಿನ್ ಬಾಯಿ ಬಿಡುವ ಸದ್ದಿದೆಯಲ್ಲ, ಅದನ್ನು ಕೇಳಿದವರು ಮತ್ತೆ ಮತ್ತೆ ಅದೇ ಸದ್ದು ಹುಡುಕಿಕೊಂಡು ಹೋಗುತ್ತಾರೆ.

ಇದೆಲ್ಲ ಬರೀ ಕನಸಲ್ಲ. ಮಿಷಿಗನ್ ರಾಜ್ಯದಲ್ಲಿ ಪ್ಯೂರ್ ಸ್ಟಾಕ್ ಮಸಲ್ ಕಾರ್ ಡ್ರ್ಯಾಗ್ ರೇಸ್ ಎಂಬ ಕೂಟವಿದೆ. ಸ್ಟ್ಯಾಂಟನ್ ಎಂಬ ಊರಿನ ಪಟ್ಟಿಯ ಮೇಲೆ ಹಲವು ವರ್ಷ ನಡೆದದ್ದು. ಕಾರು ಹೊರಗೆ ಒಳಗೆ ಕಾರ್ಖಾನೆಯಿಂದ ಬಂದಂತೆಯೇ ಇರಬೇಕು: ಅದೇ ಕಾರ್ಬ್ಯುರೇಟರ್, ಅದೇ ಎರಕದ ಹೊಗೆಕೊಳವೆ, ಹಳೆಯ ನಮೂನೆಯ ಟೈರು. ಮೊದಲು ಎಲ್ಲರೂ ಓಡಿ ಸಮಯ ತೋರಿಸುತ್ತಾರೆ. ಹತ್ತಿರ ಹತ್ತಿರದ ಸಮಯ ಬಂದವರನ್ನು ಜೋಡಿ ಮಾಡಿ ಮೂರು ಓಟ, ಎರಡು ಗೆದ್ದವರು ಗೆದ್ದಂತೆ. ಬಹುಮಾನದ ಮೊತ್ತಕ್ಕಿಂತ ಐವತ್ತು ವರ್ಷ ಹಳೆಯ ಜಗಳಗಳು ಇತ್ಯರ್ಥವಾಗುವುದೇ ಅಲ್ಲಿಯ ಸಂಭ್ರಮ. ಫಾಸ್ಟ್ ಎಂಬ ಇನ್ನೊಂದು ಪಂಗಡವಿದೆ. ಅವರ ಕಾರು ಮೇಲ್ನೋಟಕ್ಕೆ ಹಳೆಯದು, ಟೈರೂ ಹಳೆಯ ನಮೂನೆಯದು, ಎಂಜಿನ್ನಿನ ಹೊಟ್ಟೆಯೊಳಗೆ ಮಾತ್ರ ಎಲ್ಲವೂ ಹೊಸತು. ಅವರ ಜಾಣ್ಮೆ ದೊಡ್ಡದು, ಆದರೆ 1969ರಲ್ಲಿ ನಿಜವಾಗಿ ಏನಿತ್ತು ಎಂಬ ನನ್ನ ಪ್ರಶ್ನೆಗೆ ಉತ್ತರ ಸಿಗುವುದು ಮೊದಲಿನವರ ಬಳಿ.

ಅಂಥ ಪಟ್ಟಿಯ ಮೇಲೆ ನಾನು ನೋಡಬಯಸುವ ಮೊದಲ ಜೋಡಿ ಎರಡೂ ಕಮಾರೊಗಳದ್ದೇ. ಒಂದು ಕಡೆ ಝಡ್‌ಎಲ್1. ಇನ್ನೊಂದು ಕಡೆ ಅದೇ ವರ್ಷ ಕೋಪೊ 9561 ಸಂಖ್ಯೆಯಲ್ಲಿ ಬಂದ, ಅದೇ 427 ಘನ ಇಂಚಿನ ಕಬ್ಬಿಣದ ಎಂಜಿನ್ನಿನ ಕಮಾರೊ. ಪೆನ್ಸಿಲ್ವೇನಿಯದ ಕ್ಯಾನನ್ಸ್‌ಬರ್ಗಿನ ಡೀಲರ್ ಡಾನ್ ಯೆಂಕೊ ತನ್ನ ಹೆಸರಿನ ಪಟ್ಟೆ ಅಂಟಿಸಿ ಮಾರಿದ ಸುಮಾರು 200 ಕಾರುಗಳು ಈ ಬಗೆಯವು. ಅಲ್ಯೂಮಿನಿಯಂ ಎಂಜಿನ್ 45 ಕಿಲೋಗೂ ಹೆಚ್ಚು ಹಗುರ, ಬಲವೂ ಹೆಚ್ಚು. ಬೆಲೆ ಮಾತ್ರ ಗಗನಕ್ಕೆ. ಒಂದೇ ಬಗೆಯ ಪಾಲಿಗ್ಲಾಸ್ ಟೈರು ಕಟ್ಟಿಕೊಂಡು ಇಬ್ಬರೂ ಹೊರಟರೆ ಆ ಹೆಚ್ಚಿನ ದುಡ್ಡಿಗೆ ಏನು ದಕ್ಕಿತ್ತು ಎಂದು ತಿಳಿಯುತ್ತದೆ. ನನ್ನ ಊಹೆ ಹೀಗೆ: ಮೊದಲ 300 ಅಡಿ ಇಬ್ಬರ ಮೂತಿಯೂ ಸಮಸಮ, ಯಾಕೆಂದರೆ ಅಲ್ಲಿಯವರೆಗೆ ಆಳುವುದು ಟೈರು. ಆಮೇಲೆ ಅಲ್ಯೂಮಿನಿಯಂ ಕಾರು ಇಂಚಿಂಚಾಗಿ ಜಾರಿಕೊಳ್ಳುತ್ತದೆ. ಊಹೆ ತಪ್ಪಾದರೆ ಇನ್ನೂ ಸಂತೋಷ, ಆಗ ಯೆಂಕೊ ಗಿರಾಕಿಗಳು ಬುದ್ಧಿವಂತರಾಗಿದ್ದರು ಎಂದಾಯಿತು.

ಎರಡನೆಯ ಜೋಡಿಯದ್ದು ಚರಿತ್ರೆಯೇ ತಪ್ಪಿಸಿದ ಭೇಟಿ. 1963ಕ್ಕೆಂದು ಪಾಂಟಿಯಾಕ್ ಕಂಪನಿ ಕ್ಯಾಟಲೀನ ಎಂಬ ಭಾರೀ ಕಾರನ್ನು ಹಗುರ ಮಾಡಲು ಹೊರಟಿತು. ಮುಂಭಾಗದ ತಗಡೆಲ್ಲ ಅಲ್ಯೂಮಿನಿಯಂ ಆಯಿತು, ಸಾಲಲಿಲ್ಲ. ಕೊನೆಗೆ ಕಾರಿನ ಬೆನ್ನೆಲುಬಾದ ಉಕ್ಕಿನ ಚೌಕಟ್ಟಿಗೇ ಸಾಲಾಗಿ ದೊಡ್ಡ ತೂತುಗಳನ್ನು ಕೊರೆದರು. ಆ ತೂತುಗಳಿಂದಾಗಿಯೇ ಸ್ವಿಸ್ ಚೀಸ್ ಎಂಬ ಹೆಸರು ಬಂತು. ಮಾಡಿದ್ದು 14 ಕಾರು. ಅದೇ ಹೊತ್ತಿಗೆ ಶೆವ್ರೊಲೆ ಝಡ್11 ಎಂಬ ಹೆಸರಿನಲ್ಲಿ 57 ಇಂಪಾಲ ಕಾರುಗಳನ್ನು ಅಲ್ಯೂಮಿನಿಯಂ ಮೂತಿ, 427 ಘನ ಇಂಚಿನ ಎಂಜಿನ್ ಕೊಟ್ಟು ಸಿದ್ಧಪಡಿಸಿತು. 1963ರ ಜನವರಿಯಲ್ಲಿ ಜನರಲ್ ಮೋಟಾರ್ಸ್‌ನ ಮೇಲಿನವರಿಂದ ಆಜ್ಞೆ ಬಂತು: ರೇಸಿನ ಕೆಲಸ ಇಂದಿಗೇ ನಿಲ್ಲಿಸಿ. ಕಾರುಗಳೇನೋ ಓಡುವವರ ಕೈ ಸೇರಿದ್ದವು, ಬೆನ್ನ ಹಿಂದಿದ್ದ ಕಾರ್ಖಾನೆ ಸರಿದುಹೋಯಿತು.

ಮರುವರ್ಷ ಫೋರ್ಡ್ ಥಂಡರ್‌ಬೋಲ್ಟ್ ತಂದಿತು. ಫೇರ್‌ಲೇನ್ ಎಂಬ ಮಧ್ಯಮ ಗಾತ್ರದ ಮನೆಮಂದಿಯ ಕಾರಿನೊಳಗೆ 427ರ ಎಂಜಿನ್ ತುರುಕಿ 100 ಕಾರು ಕಟ್ಟಿಸಿತು. ಥಂಡರ್‌ಬೋಲ್ಟ್‌ನ ಮುಖವನ್ನು ಹತ್ತಿರದಿಂದ ನೋಡಬೇಕು. ನಾಲ್ಕು ಹೆಡ್‌ಲೈಟುಗಳ ಜಾಗದಲ್ಲಿ ಹೊರಗಿನ ಎರಡು ಮಾತ್ರ ದೀಪ. ಒಳಗಿನ ಎರಡು ಗುಳಿಗಳಿಗೆ ತಂತಿಬಲೆ, ಅದರ ಹಿಂದೆ ತೋಳಿನಷ್ಟು ದಪ್ಪದ ಕೊಳವೆಗಳು ನೇರ ಕಾರ್ಬ್ಯುರೇಟರುಗಳಿಗೆ. ದೀಪ ಕಿತ್ತು ಗಾಳಿಗೆ ದಾರಿ ಮಾಡಿದ್ದರು. ಬಾನೆಟ್ಟಿನ ನಡುವೆ ಕಣ್ಣೀರ ಹನಿಯ ಆಕಾರದ ಉಬ್ಬು, ಒಳಗಿನ ಎಂಜಿನ್ ಅಷ್ಟು ಎತ್ತರ. ಬ್ಯಾಟರಿ ಹಿಂದಿನ ಡಿಕ್ಕಿಯಲ್ಲಿ. ಗ್ಯಾಸ್ ರೊಂಡ ಎಂಬ ಚಾಲಕ 1964ರಲ್ಲಿ ಇದೇ ಕಾರಿನಲ್ಲಿ ಎನ್‌ಎಚ್‌ಆರ್‌ಎ ಸೂಪರ್ ಸ್ಟಾಕ್ ಚಾಂಪಿಯನ್ ಆದ. ಎದುರಿಗೆ ಜನರಲ್ ಮೋಟಾರ್ಸ್ ಅಧಿಕೃತವಾಗಿ ಇರಲಿಲ್ಲ ಎಂಬುದು ಆ ಗೆಲುವಿಗೆ ಅಂಟಿದ ಕೊರಗು. ಒಂದು ವರ್ಷದ ಅಂತರದಲ್ಲಿ ತಪ್ಪಿಹೋದ ಆ ಸರಿಸಮ ಪೈಪೋಟಿಯನ್ನು, ಝಡ್11 ಮತ್ತು ಥಂಡರ್‌ಬೋಲ್ಟ್‌ಗಳನ್ನು ಪಕ್ಕಪಕ್ಕ ನಿಲ್ಲಿಸಿ, ಈಗಲಾದರೂ ನೋಡಬೇಕು. ಸ್ವಿಸ್ ಚೀಸ್ ಕ್ಯಾಟಲೀನವನ್ನು ಮಾತ್ರ ನಾನು ಜೋರಾಗಿ ಬಿಡಿ ಎನ್ನಲಾರೆ. ತೂತು ಕೊರೆದ, ಅರವತ್ತು ವರ್ಷ ಹಳೆಯ ಆ ಚೌಕಟ್ಟನ್ನು ತಿರುಚಿ ಪರೀಕ್ಷಿಸುವುದು ಸಲ್ಲ. ಮೆಲ್ಲಗೆ ಹೊರಟು, ಪಟ್ಟಿಯ ಉದ್ದಕ್ಕೂ ಸದ್ದು ಮಾಡಿಕೊಂಡು ಹೋದರೆ ಸಾಕು.

ಎಎಂಸಿಯ ಎಸ್‌ಎಸ್/ಎಎಂಎಕ್ಸ್ ಬಗ್ಗೆ ನನಗೆ ವಿಶೇಷ ಮಮತೆ. ಮೂರು ದೈತ್ಯ ಕಂಪನಿಗಳ ಮುಂದೆ ತೀರ ಚಿಕ್ಕ ಕಂಪನಿ ಎಎಂಸಿ. ಎರಡೇ ಸೀಟಿನ ತನ್ನ ಮೋಟುಗಾರು ಎಎಂಎಕ್ಸ್‌ಗಳನ್ನು ಹರ್ಸ್ಟ್ ಎಂಬ ಸಂಸ್ಥೆಗೆ ಕಳಿಸಿ, 390 ಘನ ಇಂಚಿನ ಎಂಜಿನ್ನಿಗೆ ಜೋಡಿ ಕಾರ್ಬ್ಯುರೇಟರ್ ಕೂರಿಸಿ, ಅಗಲ ಟೈರು ಹಿಡಿಯುವಂತೆ ಹಿಂಚಕ್ರದ ಕಮಾನು ಕತ್ತರಿಸಿ ತರಿಸಿಕೊಂಡಿತು. 340 ಅಶ್ವಶಕ್ತಿ ಎಂದು ಬರೆದದ್ದನ್ನು ಎನ್‌ಎಚ್‌ಆರ್‌ಎ ನಂಬದೆ ತಾನೇ ಏರಿಸಿತು. ಈ ಕಾರುಗಳಲ್ಲೊಂದನ್ನು ಓಡಿಸಿದಾಕೆ ಶರ್ಲಿ ಶಹಾನ್. 1966ರಲ್ಲಿ ಪೊಮೋನದ ವಿಂಟರ್‌ನ್ಯಾಷನಲ್ಸ್‌ನಲ್ಲಿ ಪ್ಲಿಮತ್ ಕಾರು ಓಡಿಸಿ ಗೆದ್ದು, ಎನ್‌ಎಚ್‌ಆರ್‌ಎ ರಾಷ್ಟ್ರೀಯ ಸ್ಪರ್ಧೆಯೊಂದನ್ನು ಗೆದ್ದ ಮೊದಲ ಮಹಿಳೆಯಾಗಿದ್ದವಳು. ಕೆಂಪು, ಬಿಳಿ, ನೀಲಿ ಬಣ್ಣದ ಆ ಮೋಟುಗಾರು ಮೂತಿ ಎತ್ತಿಕೊಂಡು ಹೊರಡುವ ಹಳೆಯ ಚಿತ್ರಗಳನ್ನು ನೋಡಿ, 52ರಲ್ಲಿ ಉಳಿದಿರುವವು ಒಂದೇ ದಿನ ಒಂದೇ ಪಟ್ಟಿಯ ಮೇಲೆ ಬಂದರೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ.

ಅಪರೂಪದ ಕಾರು ಓಡಿಸಿದರೆ ಹಾಳಾಗುತ್ತದೆ ಎನ್ನುವವರಿಗೆ ಉತ್ತರವಾಗಿ 1968ರ ಹೆಮಿ ಡಾರ್ಟ್ ಮತ್ತು ಹೆಮಿ ಬರಾಕುಡ ಕಣ್ಣೆದುರೇ ಇವೆ. ಕ್ರೈಸ್ಲರ್ ಕಂಪನಿಯ 426 ಘನ ಇಂಚಿನ ಹೆಮಿ ಎಂಜಿನ್ನನ್ನು ಪುಟ್ಟ ಕಾರುಗಳಲ್ಲಿ ತುಂಬಿದ, ಎರಡೂ ಸೇರಿ ಸುಮಾರು 150 ಕಾರುಗಳು. ಬಾಗಿಲಿನ ಉಕ್ಕನ್ನು ಆಮ್ಲದಲ್ಲಿ ಅದ್ದಿ ತೆಳ್ಳಗೆ ಮಾಡಿದ್ದರು. ಕಿಟಕಿಗೆ ತೆಳುಗಾಜು, ಹೀಟರ್ ಇಲ್ಲ, ರೇಡಿಯೋ ಇಲ್ಲ, ಹಿಂದಿನ ಸೀಟಿಲ್ಲ. ಬಣ್ಣವೂ ಬಳಿಯದೆ ಪ್ರೈಮರಿನಲ್ಲೇ ಮಾರಿದರು. ಇಂಥ ಕಾರುಗಳಲ್ಲಿ ಬ್ಯಾಟರಿಯನ್ನು ಡಿಕ್ಕಿಯ ಬಲಮೂಲೆಯಲ್ಲಿ ಇಡುತ್ತಿದ್ದುದಕ್ಕೆ ಕಾರಣವಿದೆ: ಎಂಜಿನ್ ತಿರುಚುವ ರಭಸಕ್ಕೆ ಹಿಂದಿನ ಬಲಚಕ್ರವೇ ನೆಲ ಬಿಟ್ಟು ಏಳಲು ನೋಡುತ್ತದೆ. ಅದರ ತಲೆಯ ಮೇಲೆ ಬ್ಯಾಟರಿಯ ಭಾರ ಕೂರಿಸಿದರು. ಈ ಕಾರುಗಳಿಗೆಂದೇ ಎನ್‌ಎಚ್‌ಆರ್‌ಎ ಇಟ್ಟ ವರ್ಗ ಎಸ್‌ಎಸ್/ಎಎಚ್. ಇಂಡಿಯಾನಾಪೊಲಿಸ್‌ನ ಯುಎಸ್ ನ್ಯಾಷನಲ್ಸ್‌ನಲ್ಲಿ ಅವುಗಳ ಹೆಮಿ ಚಾಲೆಂಜ್ ನಡೆಯುತ್ತ ಬಂದಿದೆ. ಈಗ ಅವು 8 ಸೆಕೆಂಡಿನ ಆಸುಪಾಸಿನಲ್ಲಿ ಹಾರುತ್ತವೆ. ಅರ್ಧ ಶತಮಾನದ ಸುಧಾರಣೆ ಸೇರಿದ ವೇಗ ಅದು. ಒಂದೇ ಒಂದು ಡಾರ್ಟನ್ನು ಹುಟ್ಟಿದಾಗಿನ ಸ್ಥಿತಿಗೆ ತಂದು, ಆಗಿನ ಟೈರು ಹಾಕಿ, ಅವುಗಳ ಪಕ್ಕ ಓಡಿಸಿದರೆ ಆ ಐವತ್ತು ವರ್ಷಗಳ ಕೆಲಸದ ಅಳತೆ ಸಿಗುತ್ತದೆ.

1970ರ ಬ್ಯೂಯಿಕ್ ಜಿಎಸ್ಎಕ್ಸ್ ಸ್ಟೇಜ್ 1 ಕಾರನ್ನು ಬಿಟ್ಟರೆ ಪಟ್ಟಿ ಅಪೂರ್ಣ. ಬ್ಯೂಯಿಕ್ ಎಂದರೆ ನಡುವಯಸ್ಸಿನ ವೈದ್ಯರು, ವಕೀಲರು ಕೊಳ್ಳುವ ಗಂಭೀರ ಕಾರು ಎಂಬ ಹೆಸರಿತ್ತು. ಅದೇ ಕಂಪನಿ ಹಳದಿ ಮತ್ತು ಬಿಳಿ ಬಣ್ಣದಲ್ಲಿ 678 ಜಿಎಸ್ಎಕ್ಸ್ ಬಿಟ್ಟಿತು, ಅದರಲ್ಲಿ 400 ಸ್ಟೇಜ್ 1. ಅದರ ಶಕ್ತಿ ಇರುವುದು ತಿರುಚುಬಲದಲ್ಲಿ, 2,800 ಆರ್‌ಪಿಎಂನಲ್ಲೇ 510 ಪೌಂಡ್-ಅಡಿ. ಇಂಥದೇ ಸ್ಟೇಜ್ 1 ಎಂಜಿನ್ನಿನ ಬ್ಯೂಯಿಕ್ ಜಿಎಸ್ ಒಂದನ್ನು ಮೋಟಾರ್ ಟ್ರೆಂಡ್ ಪತ್ರಿಕೆ ಪರೀಕ್ಷಿಸಿದಾಗ 13.38 ಸೆಕೆಂಡು ಬಂತು. ಹೆಮಿ ಅಭಿಮಾನಿಗಳು ಇವತ್ತಿಗೂ ಒಪ್ಪುವುದಿಲ್ಲ, ಬ್ಯೂಯಿಕ್‌ನವರು ಬಿಟ್ಟುಕೊಡುವುದಿಲ್ಲ. ಹೆಮಿ ರೋಡ್‌ರನ್ನರ್, 450 ಅಶ್ವಶಕ್ತಿಯ ಶೆವೆಲ್ ಎಲ್ಎಸ್6, ಈ ಬ್ಯೂಯಿಕ್, ಮೂರನ್ನೂ ಒಂದೇ ಮಧ್ಯಾಹ್ನ ಓಡಿಸಿ ತೀರ್ಮಾನಿಸಬೇಕು.

ಅತಿ ದುಬಾರಿಯಾದವು ನನ್ನ ಪಟ್ಟಿಯಲ್ಲಿಲ್ಲ ಎಂಬುದನ್ನು ಗಮನಿಸಿರಬಹುದು. 1971ರ ಹೆಮಿ ಕುಡ ಕನ್ವರ್ಟಿಬಲ್ ತಯಾರಾದದ್ದು 11 ಮಾತ್ರ. 2014ರಲ್ಲಿ ಅದರಲ್ಲೊಂದು 35 ಲಕ್ಷ ಡಾಲರಿಗೆ, ಅಂದಿನ ಲೆಕ್ಕದಲ್ಲಿ 20 ಕೋಟಿ ರೂಪಾಯಿ ಮೀರಿ, ಹರಾಜಾಯಿತು. ಅದು ಅಪರೂಪವಾದದ್ದು ಆಗ ಅದನ್ನು ಕೊಳ್ಳುವವರಿಲ್ಲದ್ದರಿಂದ. ತೆರೆದ ಛಾವಣಿಯ ಕಾರಿಗೆ ಗಟ್ಟಿತನಕ್ಕೆಂದು ಹೆಚ್ಚುವರಿ ಉಕ್ಕು ಹಾಕಿರುತ್ತಾರೆ, ಆದ್ದರಿಂದ ಛಾವಣಿ ಇರುವ ಕುಡಕ್ಕಿಂತ ಅದು ಭಾರ. ಅದು ಸಮುದ್ರದಂಡೆಯಲ್ಲಿ ಹೋಗಲಿ. ಬಾಸ್ 429 ಮಸ್ಟಾಂಗ್ ಕೂಡ ಹಾಗೆಯೇ. ಎಂಜಿನ್ ಅದ್ಭುತ, ಆದರೆ ನಾಸ್ಕಾರ್ ವೃತ್ತಪಥಕ್ಕೆಂದು ಮಾಡಿದ್ದನ್ನು ಉಸಿರುಕಟ್ಟಿಸಿ ರಸ್ತೆಗೆ ಬಿಟ್ಟರು.

ಮಾಲೀಕರ ಹೆದರಿಕೆ ನನಗೆ ಅರ್ಥವಾಗುತ್ತದೆ. ಹುಟ್ಟಿದಾಗ ಬಂದ ಎಂಜಿನ್ನೇ ಕಾರಿನಲ್ಲಿದೆ ಎಂಬುದಕ್ಕೆ ಬ್ಲಾಕಿನ ಮೇಲಿನ ಸಂಖ್ಯೆಯೇ ಸಾಕ್ಷಿ. ಆ ಬ್ಲಾಕ್ ಒಡೆದರೆ ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ಹೋಯಿತು. ಹಳೆಯ ಕಾರುಗಳ ವಿಮೆಯಲ್ಲಿ ರೇಸಿನ ಅವಘಡಕ್ಕೆ ಸಾಮಾನ್ಯವಾಗಿ ರಕ್ಷಣೆಯಿಲ್ಲ. ಝಡ್‌ಎಲ್1ರ ಕಂಪ್ರೆಷನ್ 12ಕ್ಕೆ 1, ಪೇಟೆಯ ಬಂಕಿನ ಪೆಟ್ರೋಲು ಅದಕ್ಕೆ ಆಗದು. ಆದರೆ ಇವೆಲ್ಲಕ್ಕೂ ದಾರಿಯಿದೆ, ಹಲವರು ಆ ದಾರಿ ಹಿಡಿದೂ ಇದ್ದಾರೆ. ಮೂಲ ಎಂಜಿನ್ನನ್ನು ಇಳಿಸಿ, ಎಣ್ಣೆ ಹಚ್ಚಿ ಕಾಪಿಟ್ಟು, ಅದೇ ಅಳತೆಯ ಇನ್ನೊಂದು ಎಂಜಿನ್ ಕಟ್ಟಿ ಓಡಿಸುತ್ತಾರೆ. ಗೇರ್‌ಬಾಕ್ಸು, ಹಿಂದಿನ ಆಕ್ಸಲ್ಲು ಕೂಡ ಹಾಗೆಯೇ. ರೇಸಿನ ಪೆಟ್ರೋಲು ಪಟ್ಟಿಗಳ ಬಳಿಯೇ ಸಿಗುತ್ತದೆ. ಹಳೆಯ ನಮೂನೆಯ ಟೈರುಗಳನ್ನು ಹೊಸದಾಗಿ ತಯಾರಿಸಿ ಮಾರುವವರಿದ್ದಾರೆ. ಹಿಡಿತ ಕಡಿಮೆಯಿರುವ ಆ ಟೈರೇ ಒಂದು ರಕ್ಷಣೆ ಕೂಡ. ಆಕ್ಸಲ್ ಮುರಿಯುವಷ್ಟು ಬಲ ನೆಲಕ್ಕೆ ಇಳಿಯುವ ಮೊದಲೇ ಅದು ಜಾರಿಬಿಡುತ್ತದೆ.

ನನಗಿರುವ ಆತಂಕ ಪಟ್ಟಿಗಳದ್ದು. ನ್ಯೂಜೆರ್ಸಿಯ ಇಂಗ್ಲಿಷ್‌ಟೌನಿನ ಡ್ರ್ಯಾಗ್ ಪಟ್ಟಿ 2018ರಲ್ಲಿ ಮುಚ್ಚಿತು. 2021ರಲ್ಲಿ ಅಟ್ಲಾಂಟ, 2023ರಲ್ಲಿ ಹ್ಯೂಸ್ಟನ್, ಅದೇ ವರ್ಷ ಡೆನ್ವರ್ ಬಳಿಯ ಬ್ಯಾಂಡಿಮೀರ್. ಕಾಲು ಮೈಲಿ ಓಡಿ, ನಿಲ್ಲಲು ಅದಕ್ಕಿಂತ ಹೆಚ್ಚು ಜಾಗ ಬೇಕಾದ ಆ ನೆಲಕ್ಕೆ ಊರು ಬೆಳೆದಂತೆ ಬೇರೆ ಗಿರಾಕಿಗಳು ಬರುತ್ತಾರೆ. ಆ ಕಾಲದ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಿ ಕಿವಿಯಲ್ಲೇ ಹದ ಹೇಳಬಲ್ಲ ಕೈಗಳಿಗೂ ಈಗ ಎಪ್ಪತ್ತು, ಎಂಬತ್ತು ವಯಸ್ಸು. ಕಾರು ಇನ್ನೂ ನೂರು ವರ್ಷ ಗಾಜಿನೊಳಗೆ ಕೆಡದೆ ಇರಬಹುದು. ಅದನ್ನು ಓಡಿಸಿ ತೋರಿಸಬಲ್ಲವರು ಅಷ್ಟು ಕಾಲ ಕಾಯಲಾರರು.

ಡೆಟ್ರಾಯ್ಟ್ ಸುತ್ತಮುತ್ತ ವಾಹನ ಕಂಪನಿಗಳಲ್ಲಿ ದುಡಿಯುವ ಕನ್ನಡಿಗ ಎಂಜಿನಿಯರುಗಳು ಬಹಳ ಮಂದಿ. ಪ್ರತಿ ಆಗಸ್ಟಿನಲ್ಲಿ ವುಡ್‌ವರ್ಡ್ ರಸ್ತೆಯ ಹಳೆಯ ಕಾರುಗಳ ಮೆರವಣಿಗೆಗೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಅವರಲ್ಲಿದ್ದಾರೆ. ಅಲ್ಲಿ ಈ ಕಾರುಗಳು ಆಮೆವೇಗದಲ್ಲಿ ಸಾಗುತ್ತವೆ. ಪ್ಯೂರ್ ಸ್ಟಾಕ್ ಓಟ ಅದೇ ರಾಜ್ಯದಲ್ಲಿ, ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ. ಹೋದರೆ ಗೆರೆಯ ಹತ್ತಿರ, ಹಿಂಚಕ್ರ ಕಾಣುವ ಕಡೆ ನಿಲ್ಲಿ. ಮಾಲೀಕರು ಮಾತಿಗೆ ಸಿಕ್ಕರೆ 60 ಅಡಿಯ ಸಮಯ ಎಷ್ಟು ಎಂದು ಕೇಳಿ, ಜೇಬಿನಿಂದ ಚೀಟಿ ತೆಗೆದು ತೋರಿಸುತ್ತಾರೆ.